ಗಾಳಿಯ ಲೆಕ್ಕ ಹಿಡಿದು ಇಂಧನ ತುಂಬುವುದು: ಫ್ಲೈಟ್ ಸಿಮ್ಯುಲೇಟರ್ ಹಾರಿಸುವವರಿಗೆ ಒಂದು ಕೈಪಿಡಿ

ವಿಮಾನದ ಎಂಜಿನ್ ಇಂಧನವನ್ನು ಗಂಟೆಯ ಲೆಕ್ಕದಲ್ಲಿ ಸುಡುತ್ತದೆ. ನಾವು ದಾರಿಯನ್ನು ಮೈಲಿಯ ಲೆಕ್ಕದಲ್ಲಿ ಅಳೆಯುತ್ತೇವೆ. ಒಂದು ಲೆಕ್ಕವನ್ನು ಇನ್ನೊಂದಕ್ಕೆ ತಿರುಗಿಸುವಾಗ ನಡುವೆ ಬರುವುದು ಗಾಳಿ. ಸಿಮ್ಯುಲೇಟರ್‌ನಲ್ಲಿ ಹೊಸದಾಗಿ ಹಾರುವವರು ದೂರವನ್ನು ವಿಮಾನದ ವೇಗದಿಂದ ಭಾಗಿಸಿ, ಬಂದ ಗಂಟೆಗಳನ್ನು ಗಂಟೆಯ ಬಳಕೆಯಿಂದ ಗುಣಿಸಿ, ಮೇಲೆ ಅಂದಾಜಿನಲ್ಲಿ ಒಂದಿಷ್ಟು ಸೇರಿಸಿ ಹೊರಡುವುದು ವಾಡಿಕೆ. ಬೆಂಗಳೂರಿನಿಂದ ಚೆನ್ನೈಗೋ ಕೊಚ್ಚಿಗೋ ಹೋಗುವಷ್ಟಕ್ಕೆ ಈ ಅಂದಾಜು ಸಾಮಾನ್ಯವಾಗಿ ಕೈಕೊಡುವುದಿಲ್ಲ. ಅದನ್ನೇ ನೆಚ್ಚಿಕೊಂಡು ಜನವರಿಯ ಒಂದು ರಾತ್ರಿ ಕೋಲ್ಕತ್ತದಿಂದ ದೆಹಲಿಗೆ ಹೊರಟರೆ, ದೆಹಲಿಯ ಮಂಜಿನ ಮೇಲೆ ಸುತ್ತು ಹೊಡೆಯುತ್ತ ಸರದಿ ಕಾಯುವ ಹೊತ್ತಿಗೆ ಮುಟ್ಟಬಾರದ ಮೀಸಲು ಇಂಧನವೇ ಕರಗುತ್ತಿರುತ್ತದೆ.

ಇಲ್ಲಿ ಎರಡು ಹಾರಾಟಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಒಂದು, ಚಳಿಗಾಲದಲ್ಲಿ ಏರ್‌ಬಸ್ ಎ320 ಜೆಟ್ ವಿಮಾನದ ದೆಹಲಿ–ಕೋಲ್ಕತ್ತ ಹೋಗಿಬರುವ ಪಯಣ. ಇನ್ನೊಂದು, ಮುಂಗಾರಿನಲ್ಲಿ ಪುಟ್ಟ ಸೆಸ್ನಾ 172 ಹತ್ತಿ ಮಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ಸಮುದ್ರ ದಾಟುವುದು. ಎರಡನೆಯದನ್ನು ನಿಜ ಜೀವನದಲ್ಲಿ ಯಾರೂ ಮಾಡಬಾರದು. ಆದರೆ ಗಾಳಿಯ ಲೆಕ್ಕ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ.

ಮೊದಲು ಸರಿಯಾದ ವೇಗ, ಸರಿಯಾದ ದಿಕ್ಕು

ಲೆಕ್ಕಕ್ಕೆ ಬೇಕಾದದ್ದು ಟ್ರೂ ಏರ್‌ಸ್ಪೀಡ್, ಅಂದರೆ ಸುತ್ತಲಿನ ಗಾಳಿಯೊಳಗೆ ವಿಮಾನ ನಿಜವಾಗಿ ಸಾಗುವ ವೇಗ. ಮುಂದಿನ ಫಲಕದಲ್ಲಿ ಕಾಣುವ ಇಂಡಿಕೇಟೆಡ್ ಏರ್‌ಸ್ಪೀಡ್ ಇದಕ್ಕೆ ಒದಗುವುದಿಲ್ಲ, ಏಕೆಂದರೆ 36,000 ಅಡಿಯಲ್ಲಿ ಎ320 ಮ್ಯಾಕ್ 0.78ರಲ್ಲಿ, ಅಂದರೆ ಶಬ್ದದ ವೇಗದ 0.78 ಪಾಲಿನಲ್ಲಿ, ಸಾಗುವಾಗ ಅದು 260 ನಾಟ್‌ನ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್) ಆಸುಪಾಸು ತೋರಿಸುತ್ತದೆ, ನಿಜವಾದ ವೇಗ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಮ್ಯಾಕ್ ಸಂಖ್ಯೆಯಿಂದ ಅದನ್ನು ಪಡೆಯುವ ದಾರಿ ಸುಲಭ: ಹೊರಗಿನ ಉಷ್ಣತೆಯನ್ನು ಕೆಲ್ವಿನ್‌ಗೆ ತಿರುಗಿಸಿ, ಅದರ ವರ್ಗಮೂಲವನ್ನು 38.97ರಿಂದಲೂ ಮ್ಯಾಕ್ ಸಂಖ್ಯೆಯಿಂದಲೂ ಗುಣಿಸಬೇಕು. ಮೈನಸ್ 56 ಡಿಗ್ರಿ ಸೆಲ್ಸಿಯಸ್ ಎಂದರೆ 217 ಕೆಲ್ವಿನ್. ಉತ್ತರ ಸುಮಾರು 448 ನಾಟ್. ಮುಂದಿನ ಲೆಕ್ಕಗಳಿಗೆ ಇದನ್ನು 450 ಎಂದು ಹಿಡಿಯೋಣ.

ಗಾಳಿಯ ದಿಕ್ಕನ್ನು ಅದು ಬೀಸಿ ಬರುವ ಕಡೆಯಿಂದ ಹೇಳುತ್ತಾರೆ. 270 ಡಿಗ್ರಿ, 100 ನಾಟ್ ಎಂದರೆ ಪಶ್ಚಿಮದಿಂದ ಬರುವ ಗಾಳಿ. ನಮ್ಮ ಮಾತಿನಲ್ಲೂ ಪಡುವಣ ಗಾಳಿಯೆಂದರೆ ಪಡುವಣದಿಂದ ಬೀಸುವುದೇ ಆದ್ದರಿಂದ ಗೊಂದಲಕ್ಕೆ ಕಾರಣವಿರಬಾರದು. ಆದರೂ ನಾನು ಮೊದಮೊದಲು ನಕ್ಷೆಯ ಬಾಣವನ್ನು ನೋಡಿ ಸಂಖ್ಯೆಯನ್ನು ತಲೆಕೆಳಗಾಗಿ ಬರೆದುಕೊಂಡು, ಹಿಂಗಾಳಿಯೆಂದು ನಂಬಿ ಎದುರುಗಾಳಿಯೊಳಕ್ಕೆ ಹಾರಿದ್ದುಂಟು. ಇನ್ನೊಂದು ಎಚ್ಚರ: ಎತ್ತರದ ಗಾಳಿಯ ಮುನ್ಸೂಚನೆ ನಿಜ ಉತ್ತರವನ್ನು ಆಧರಿಸಿರುತ್ತದೆ, ಕಾಕ್‌ಪಿಟ್‌ನ ದಿಕ್ಕುಗಳು ಬಹುಮಟ್ಟಿಗೆ ಕಾಂತೀಯ ಉತ್ತರವನ್ನು ಆಧರಿಸಿರುತ್ತವೆ. ಭಾರತದ ಮೇಲೆ ಎರಡಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿಯಷ್ಟೇ ಆದ್ದರಿಂದ ಅದನ್ನು ಮರೆತರೂ ನಡೆಯುತ್ತದೆ. ಉತ್ತರ ಕೆನಡಾ ಅಥವಾ ಪಶ್ಚಿಮ ಗ್ರೀನ್‌ಲ್ಯಾಂಡ್‌ನ ಕಡೆ ಅದು 20 ಡಿಗ್ರಿಯನ್ನು ದಾಟುವ ಜಾಗಗಳಿವೆ, ಅಲ್ಲಿ ಮರೆಯುವಂತಿಲ್ಲ.

ಹಾದಿಯ ದಿಕ್ಕಿಗೂ ಗಾಳಿಯ ದಿಕ್ಕಿಗೂ ನಡುವಿನ ಕೋನ ತಿಳಿದರೆ ಗಾಳಿಯನ್ನು ಎರಡಾಗಿ ಒಡೆಯಬಹುದು. ಗಾಳಿಯ ವೇಗವನ್ನು ಕೋನದ ಕೊಸೈನ್‌ನಿಂದ ಗುಣಿಸಿದರೆ ಎದುರುಗಾಳಿ ಅಥವಾ ಹಿಂಗಾಳಿಯ ಪಾಲು ಸಿಗುತ್ತದೆ, ಸೈನ್‌ನಿಂದ ಗುಣಿಸಿದರೆ ಅಡ್ಡಗಾಳಿಯ ಪಾಲು. ಕೋನ 30 ಡಿಗ್ರಿಯಾದರೆ ಎದುರಿನ ಪಾಲು 0.87, 45ಕ್ಕೆ 0.7, 60ಕ್ಕೆ ಅರ್ಧ ಎಂದು ನೆನಪಿಟ್ಟುಕೊಂಡರೆ ಕ್ಯಾಲ್ಕುಲೇಟರ್ ಮುಟ್ಟಬೇಕಾಗಿಲ್ಲ.

ಅಡ್ಡಗಾಳಿ ಇಂಧನಕ್ಕೆ ಸಂಬಂಧಿಸಿದ್ದಲ್ಲ, ಅದು ಇಳಿಯುವಾಗಿನ ತೊಂದರೆ ಮಾತ್ರ ಎಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಹಾದಿ ತಪ್ಪದಿರಲು ವಿಮಾನದ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ ಹಿಡಿಯಬೇಕಾಗುತ್ತದೆ, ಹಾಗಾಗಿ ವೇಗದ ಒಂದು ಭಾಗ ಮುಂದೆ ಸಾಗುವುದಕ್ಕೆ ಸಿಗುವುದಿಲ್ಲ. 450 ನಾಟ್‌ನಲ್ಲಿ ಸಾಗುವ ವಿಮಾನಕ್ಕೆ 100 ನಾಟ್‌ನ ನೇರ ಅಡ್ಡಗಾಳಿ ಬೀಸಿದರೆ ಮೂತಿ ಸುಮಾರು 13 ಡಿಗ್ರಿ ತಿರುಗಿರುತ್ತದೆ, ಗ್ರೌಂಡ್ ಸ್ಪೀಡ್, ಅಂದರೆ ನೆಲದ ಲೆಕ್ಕದಲ್ಲಿ ವಿಮಾನ ಸಾಗುವ ವೇಗ, 439ಕ್ಕೆ ಇಳಿದಿರುತ್ತದೆ. ಚಳಿಗಾಲದಲ್ಲಿ ಬೆಂಗಳೂರು–ದೆಹಲಿ ಹಾರುವವರಿಗೆ ಪಯಣದ ಉತ್ತರಾರ್ಧದಲ್ಲಿ ಆಗುವುದು ಬಹುಮಟ್ಟಿಗೆ ಇದೇ. ಹೋಗುವಾಗಲೂ ನಷ್ಟ, ಬರುವಾಗಲೂ ನಷ್ಟ.

ಹೋಗುವಾಗಿನ ಲಾಭ ಬರುವಾಗಿನ ನಷ್ಟವನ್ನು ತುಂಬುವುದಿಲ್ಲ

ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಉಪೋಷ್ಣವಲಯದ ಜೆಟ್ ಪ್ರವಾಹ ಹರಿಯುತ್ತದೆ, ಮತ್ತು ಅದರ ವೇಗ 100 ನಾಟ್ ದಾಟುವುದು ಅಪರೂಪವಲ್ಲ. ಮುಂಗಾರು ಬರುವ ಹೊತ್ತಿಗೆ ಅದು ಹಿಮಾಲಯದ ಆಚೆಗೆ ಸರಿದು, ದಕ್ಷಿಣ ಭಾರತದ ಮೇಲೆ ಇನ್ನೂ ಎತ್ತರದಲ್ಲಿ ಪೂರ್ವದಿಂದ ಬೀಸುವ ಜೆಟ್ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಜನವರಿಯಲ್ಲಿ ಹಾರಿದ ಒಂದು ಹಾದಿಯ ಇಂಧನದ ಲೆಕ್ಕವನ್ನು ಜುಲೈಗೆ ಎತ್ತಿಟ್ಟುಕೊಳ್ಳಲು ಬರುವುದಿಲ್ಲ.

ದೆಹಲಿಯಿಂದ ಕೋಲ್ಕತ್ತಕ್ಕೆ ಸುಮಾರು 700 ನಾಟಿಕಲ್ ಮೈಲಿ, ಹಾದಿಯ ದಿಕ್ಕು ಸುಮಾರು 120 ಡಿಗ್ರಿ, ಮರಳುವಾಗ 300. ಗಾಳಿ 270ರಿಂದ 100 ನಾಟ್ ಇದೆಯೆಂದು ಇಟ್ಟುಕೊಳ್ಳಿ. ಎರಡೂ ಕಡೆಗೆ ಕೋನ 30 ಡಿಗ್ರಿ ಆದ್ದರಿಂದ ಅಡ್ಡಗಾಳಿ 50, ಹಿಂಗಾಳಿ ಅಥವಾ ಎದುರುಗಾಳಿ 87. ಅಡ್ಡಗಾಳಿಯಿಂದ 450 ನಾಟ್ 447ಕ್ಕೆ ಇಳಿಯುವುದರಿಂದ ಹೋಗುವಾಗ ಗ್ರೌಂಡ್ ಸ್ಪೀಡ್ 534 ನಾಟ್, ಬರುವಾಗ 360. ಏರುವುದು ಇಳಿಯುವುದನ್ನು ಸದ್ಯ ಬದಿಗಿಟ್ಟು ಇಡೀ ದಾರಿಗೆ ಇದೇ ವೇಗವೆಂದು ಹಿಡಿದರೆ ಹೋಗಲು 79 ನಿಮಿಷ, ಮರಳಲು 117 ನಿಮಿಷ ಬೇಕು. ಗಾಳಿಯೇ ಇಲ್ಲದಿದ್ದರೆ ಪ್ರತಿ ಕಡೆಗೂ 93 ನಿಮಿಷ ಸಾಕಾಗುತ್ತಿತ್ತು. ಹೋಗುವಾಗ ಉಳಿದದ್ದು 14 ನಿಮಿಷ, ಬರುವಾಗ ಕಳೆದದ್ದು 24. ಎದುರುಗಾಳಿಯಲ್ಲಿ ವಿಮಾನ ನಿಧಾನವಾಗುವುದರಿಂದ ಆ ಗಾಳಿಯೊಳಗೆ ಅದು ಹೆಚ್ಚು ಹೊತ್ತು ಇರಬೇಕಾಗುತ್ತದೆ. ಲಾಭದ ಗಾಳಿಯಲ್ಲಾದರೋ ಬೇಗ ಹಾದುಹೋಗಿಬಿಡುತ್ತದೆ. ಈ ಅಸಮತೆಯ ಮೂಲ ಅದೇ.

ಗಂಟೆಗೆ 2400 ಕೆಜಿ, ಅಂದರೆ ನಿಮಿಷಕ್ಕೆ 40 ಕೆಜಿ ಸುಡುತ್ತದೆಂದು ಹಿಡಿದರೆ ಹೋಗಲು ಸುಮಾರು 3150 ಕೆಜಿ, ಬರಲು 4670 ಕೆಜಿ. ಗಾಳಿಯನ್ನು ಮರೆತವನು ಬರುವಾಗಲೂ 3730 ಕೆಜಿ ತುಂಬಿರುತ್ತಾನೆ. ಕೊರತೆ 940 ಕೆಜಿ. ಜೆಟ್ ವಿಮಾನಗಳಿಗೆ ಅಂತಾರಾಷ್ಟ್ರೀಯ ನಿಯಮ ಕೇಳುವ ಅಂತಿಮ ಮೀಸಲು, ಅಂದರೆ 1500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವಷ್ಟು ಇಂಧನ, ಎ320ಕ್ಕೆ ಸುಮಾರು ಇದರ ಆಸುಪಾಸಿನಲ್ಲೇ ಇರುತ್ತದೆ.

ಇದನ್ನು ತಲೆಯಲ್ಲಿ ಇಟ್ಟುಕೊಳ್ಳಲು ಗಾಳಿ ಮೈಲಿಯ ಕಲ್ಪನೆ ನೆರವಾಗುತ್ತದೆ. ನೆಲದ ದೂರವನ್ನು ಟ್ರೂ ಏರ್‌ಸ್ಪೀಡ್‌ನಿಂದ ಗುಣಿಸಿ ಗ್ರೌಂಡ್ ಸ್ಪೀಡ್‌ನಿಂದ ಭಾಗಿಸಿದರೆ ವಿಮಾನ ಗಾಳಿಯೊಳಗೆ ಕ್ರಮಿಸುವ ದೂರ ಸಿಗುತ್ತದೆ. ಅದೇ 700 ಮೈಲಿ ಹೋಗುವಾಗ 590 ಗಾಳಿ ಮೈಲಿ, ಬರುವಾಗ 875. ವಿಮಾನದ ಕೈಪಿಡಿಯಲ್ಲಿರುವ ಇಂಧನ ಕೋಷ್ಟಕವನ್ನು ತೆರೆಯುವಾಗ ಈ ಸಂಖ್ಯೆಯನ್ನು ಹಿಡಿದು ತೆರೆಯಬೇಕು. ಸಿಮ್ಯುಲೇಟರ್ ಹಾರಾಟಕ್ಕೆ ಯೋಜನೆ ಸಿದ್ಧಪಡಿಸಿಕೊಡುವ ಸಿಮ್‌ಬ್ರೀಫ್‌ನಂಥ ಸಾಧನದ ಹಾರಾಟ ಯೋಜನೆಯಲ್ಲೂ ನೆಲದ ದೂರ ಮತ್ತು ಗಾಳಿಯ ದೂರ ಎರಡನ್ನೂ ಮುದ್ರಿಸಿರುತ್ತಾರೆ. ನಾನು ಯೋಜನೆ ಕೈಗೆ ಬಂದ ಕೂಡಲೇ ಮೊದಲು ನೋಡುವುದು ಈ ಜೋಡಿಯನ್ನು. ಪಕ್ಕದಲ್ಲೇ ಸರಾಸರಿ ಗಾಳಿಯ ಪಾಲು ಇರುತ್ತದೆ: ಸಂಖ್ಯೆಯ ಮುಂದೆ 'ಪಿ' ಇದ್ದರೆ ಹಿಂಗಾಳಿ, 'ಎಂ' ಇದ್ದರೆ ಎದುರುಗಾಳಿ.

ಏರುವ ಹಂತಕ್ಕೆ ಕ್ರೂಸ್ ಎತ್ತರದ (ಏರಿ ಮುಗಿದ ಮೇಲೆ ಸಮನಾಗಿ ಸಾಗುವ ಎತ್ತರದ) ಮೂರರಲ್ಲಿ ಎರಡು ಪಾಲಿನ ಎತ್ತರದಲ್ಲಿರುವ ಗಾಳಿಯನ್ನು, ಇಳಿಯುವ ಹಂತಕ್ಕೆ ಅರ್ಧ ಎತ್ತರದ ಗಾಳಿಯನ್ನು ಹಿಡಿಯುವುದು ಹಳೆಯ ರೂಢಿ. ಕೈಲೆಕ್ಕಕ್ಕೆ ಅಷ್ಟು ಸಾಕು.

ಯಾವ ಗಾಳಿ, ಯಾವ ಹೊತ್ತಿನದು

ಎತ್ತರದ ಗಾಳಿಯ ನಕ್ಷೆಗಳು ಅಡಿಗಳಲ್ಲಿ ಅಲ್ಲ, ಒತ್ತಡದ ಮಟ್ಟಗಳಲ್ಲಿ ಇರುತ್ತವೆ. 850 ಹೆಕ್ಟೊಪಾಸ್ಕಲ್ ಎಂದರೆ ಸುಮಾರು 5000 ಅಡಿ, 700 ಎಂದರೆ 10,000, 500 ಎಂದರೆ 18,000, 300 ಎಂದರೆ 30,000, 250 ಎಂದರೆ 34,000, 200 ಎಂದರೆ 39,000. ನಿಮ್ಮ ಎತ್ತರ ಎರಡು ಮಟ್ಟಗಳ ನಡುವೆ ಬಂದರೆ ಎರಡನ್ನೂ ನೋಡಿ ನಡುವಿನದನ್ನು ಅಂದಾಜಿಸಬೇಕು.

ಸಿಮ್ಯುಲೇಟರ್‌ನವರಿಗೇ ವಿಶೇಷವಾದ ತೊಡಕೊಂದು ಇಲ್ಲಿದೆ: ಯೋಜನೆಯಲ್ಲಿರುವ ಗಾಳಿಯೂ ಪರದೆಯ ಮೇಲೆ ಬೀಸುವ ಗಾಳಿಯೂ ಒಂದೇ ಆಗಿರಬೇಕೆಂದಿಲ್ಲ. ಮೈಕ್ರೋಸಾಫ್ಟ್‌ನ ಸಿಮ್ಯುಲೇಟರ್ 2020ರ ಆವೃತ್ತಿಯಿಂದ ಮೀಟಿಯೋಬ್ಲೂ ಸಂಸ್ಥೆಯ ಹವಾಮಾನವನ್ನು ಬಳಸುತ್ತಿದೆ. ಇನ್ನೊಂದು ಸಿಮ್ಯುಲೇಟರ್ ಎಕ್ಸ್-ಪ್ಲೇನ್ 12 ಅಮೆರಿಕದ ಸರ್ಕಾರಿ ಹವಾಮಾನ ಸಂಸ್ಥೆ ನೋವಾದ ದತ್ತಾಂಶವನ್ನು ಬಳಸುತ್ತದೆ. ಯೋಜನೆಯ ಸಾಧನ ಮತ್ತೊಂದು ಹೊತ್ತಿನ ಮುನ್ಸೂಚನೆಯನ್ನು ಹಿಡಿದಿರಬಹುದು. ಅದಕ್ಕಿಂತ ಸಾಮಾನ್ಯವಾದ ತಪ್ಪು ನಮ್ಮದೇ. ಹೊರಡುವ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಕೊಡಬೇಕಾದಲ್ಲಿ ಭಾರತೀಯ ಸಮಯವನ್ನು ಬರೆದರೆ ಐದೂವರೆ ಗಂಟೆ ಆಚೆಯ ಗಾಳಿ ಲೆಕ್ಕಕ್ಕೆ ಬರುತ್ತದೆ; ಬೆಳಗಿನ 6 ಗಂಟೆ ಎಂದರೆ ಯುಟಿಸಿಯಲ್ಲಿ 00:30. ಲೈವ್ ಹವಾಮಾನದ ಗಾಳಿಯಿಂದ ಇಂಧನ ತುಂಬಿ, ಸಿಮ್ಯುಲೇಟರ್‌ನಲ್ಲಿ ಮಾತ್ರ ತಿಳಿ ಆಕಾಶದ ಸಿದ್ಧ ಹವಾಮಾನ ಆರಿಸಿ ಹಾರಿದರೂ ಲೆಕ್ಕ ಕೆಡುತ್ತದೆ. ಹಿಂಗಾಳಿಯೆಂದು ಕಡಿಮೆ ತುಂಬಿದ ದಿನ ಇದು ಆದರೆ ಹಿಂಗಾಳಿ ಬರುವುದೇ ಇಲ್ಲ.

ಎತ್ತರವನ್ನು ಬದಲಿಸಿದರೆ ಗಾಳಿಯೂ ಬದಲಾಗುತ್ತದೆ. ಜೆಟ್ ವಿಮಾನವೊಂದು ತನಗೆ ಅತ್ಯಂತ ಅನುಕೂಲವಾದ ಎತ್ತರಕ್ಕಿಂತ 4000 ಅಡಿ ಕೆಳಗೆ ಹಾರಿದರೆ ಸುಮಾರು ಶೇಕಡಾ 4ರಿಂದ 5ರಷ್ಟು ಹೆಚ್ಚು ಇಂಧನ ಸುಡುತ್ತದೆ. ಕೋಲ್ಕತ್ತದಿಂದ ಮರಳುವಾಗ ಗ್ರೌಂಡ್ ಸ್ಪೀಡ್ 360 ಇರುವುದರಿಂದ ಅದರ ಶೇಕಡಾ 5 ಎಂದರೆ 18 ನಾಟ್. 36,000 ಅಡಿ ಬಿಟ್ಟು 32,000ಕ್ಕೆ ಇಳಿದರೆ ಎದುರುಗಾಳಿ 18 ನಾಟ್‌ಗಿಂತ ಹೆಚ್ಚು ತಗ್ಗುವುದಾದರೆ ಮಾತ್ರ ಇಳಿಯುವುದರಲ್ಲಿ ಅರ್ಥವಿದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಇಲ್ಲಿ ಹಿಂಗಾಳಿಗೆ ಮಾತ್ರ ಹೊಂದುತ್ತದೆ: ಪೂರ್ವಕ್ಕೆ ಹೋಗುವಾಗ ಜೆಟ್ ಪ್ರವಾಹ ಅತಿ ಬಲವಾಗಿರುವ ಮಟ್ಟವನ್ನೇ ಹುಡುಕಿ ಹತ್ತಬಹುದು.

ಸಮುದ್ರದ ಮೇಲೆ ಸೆಸ್ನಾ

ನಿಧಾನ ವಿಮಾನಕ್ಕೆ ಗಾಳಿ ಎಷ್ಟು ದೊಡ್ಡದು ಎಂಬುದು ಇಲ್ಲಿ ತಿಳಿಯುತ್ತದೆ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಮೇಲೆ ಸುಮಾರು 5000 ಅಡಿಯ ಮಟ್ಟದಲ್ಲಿ ಸೊಮಾಲಿಯಾದ ಕಡೆಯಿಂದ ಬರುವ ಬಲವಾದ ಗಾಳಿ ಬೀಸುತ್ತದೆ. ಮಳೆಯನ್ನು ನಮ್ಮ ಕರಾವಳಿಗೆ ಹೊತ್ತು ತರುವುದು ಅದೇ. ಮಂಗಳೂರಿನಿಂದ ಅಗತ್ತಿಗೆ 205 ನಾಟಿಕಲ್ ಮೈಲಿ, ದಿಕ್ಕು ಸುಮಾರು 231. ಗಾಳಿ 250ರಿಂದ 35 ನಾಟ್ ಎಂದು ಇಟ್ಟುಕೊಳ್ಳೋಣ. ಸೆಸ್ನಾ 172 115 ನಾಟ್‌ನಲ್ಲಿ ಸಾಗುತ್ತ ಗಂಟೆಗೆ 9 ಗ್ಯಾಲನ್ ಸುಡುತ್ತದೆ. ಅಮೆರಿಕದ ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಎದುರುಗಾಳಿ 33 ನಾಟ್, ಅಡ್ಡಗಾಳಿಯ ಸಣ್ಣ ನಷ್ಟ ಬೇರೆ, ಆದ್ದರಿಂದ ಹೋಗುವಾಗ ಗ್ರೌಂಡ್ ಸ್ಪೀಡ್ 81, ಬರುವಾಗ 147. ಹೋಗಲು 151 ನಿಮಿಷ, ಮರಳಲು 83.

ಮೂರು ಜನ, ಜೊತೆಗೆ ಸಾಮಾನು. ತೂಕದ ಮಿತಿಯಿಂದಾಗಿ ಬಳಸಬಹುದಾದ 53 ಗ್ಯಾಲನ್ ಪೂರ್ತಿ ತುಂಬಲಾಗದೆ 42 ಗ್ಯಾಲನ್ ತುಂಬಿದ್ದೇವೆ. ನೆಲದ ಮೇಲೆ ಓಡಲು ಒಂದೂವರೆ ಗ್ಯಾಲನ್, 45 ನಿಮಿಷದ ಮೀಸಲಿಗೆ 6.75 ಗ್ಯಾಲನ್ ತೆಗೆದರೆ ಉಳಿಯುವುದು 33.75 ಗ್ಯಾಲನ್, ಅಂದರೆ ಮೂರೂ ಮುಕ್ಕಾಲು ಗಂಟೆ. ಅಗತ್ತಿ ಲಕ್ಷದ್ವೀಪದಲ್ಲಿರುವ ಒಂದೇ ವಿಮಾನ ನಿಲ್ದಾಣ. ಅಲ್ಲಿ ಮಳೆ ಕವಿದು ಇಳಿಯಲಾಗದಿದ್ದರೆ ಮಂಗಳೂರಿಗೇ ಮರಳಬೇಕು. ಗಾಳಿಯಿಲ್ಲವೆಂದು ಲೆಕ್ಕ ಹಾಕಿದರೆ ಹೋಗಿಬರಲು 3 ಗಂಟೆ 34 ನಿಮಿಷ. ಮೂರೂ ಮುಕ್ಕಾಲು ಗಂಟೆಯೊಳಗೆ ಸರಿಹೋಗುತ್ತದೆ. ಗಾಳಿಯನ್ನು ಸೇರಿಸಿದರೆ 3 ಗಂಟೆ 54 ನಿಮಿಷ, ಮೀಸಲನ್ನು ಮುಟ್ಟದೆ ಮರಳಲಾಗುವುದಿಲ್ಲ.

ಹಾಗಾದರೆ ಎಲ್ಲಿಯವರೆಗೆ ಹೋಗಿ ಹಿಂತಿರುಗಬಹುದು? ಹೋಗುವ ವೇಗವನ್ನು ಮರಳುವ ವೇಗದಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, ಕೈಯಲ್ಲಿರುವ ಗಂಟೆಗಳಿಂದ ಗುಣಿಸಬೇಕು. ಉತ್ತರ 196 ಮೈಲಿ. ಅಗತ್ತಿಗೆ 9 ಮೈಲಿ ಇರುವಾಗಲೇ ಮರಳುವ ದಾರಿ ಮುಚ್ಚುತ್ತದೆ, ಆದ್ದರಿಂದ ಅಲ್ಲಿಯ ಹವಾಮಾನವನ್ನು ಅದಕ್ಕೆ ಮೊದಲೇ ಕೇಳಿಕೊಂಡು ತೀರ್ಮಾನಿಸಬೇಕು. ಗಾಳಿ 45 ನಾಟ್ ಆದರೆ ಇದು 184 ಮೈಲಿಗೆ ಇಳಿಯುತ್ತದೆ. ಇದಕ್ಕಿಂತ ಭಿನ್ನವಾದ ಇನ್ನೊಂದು ಬಿಂದುವಿದೆ: ಯಾವುದೋ ತೊಂದರೆಯಾಗಿ ಬೇಗ ಇಳಿಯಬೇಕಾದರೆ ಮುಂದೆ ಹೋಗುವುದು ವಾಸಿಯೋ ಹಿಂದಿರುಗುವುದು ವಾಸಿಯೋ ಎಂದು ಹೇಳುವ ಸಮಸಮಯದ ಬಿಂದು. ಒಟ್ಟು ದೂರವನ್ನು ಮರಳುವ ವೇಗದಿಂದ ಗುಣಿಸಿ ಎರಡೂ ವೇಗಗಳ ಮೊತ್ತದಿಂದ ಭಾಗಿಸಿದರೆ ಅದು ಮಂಗಳೂರಿನಿಂದ 132 ಮೈಲಿಯಲ್ಲಿ ಬರುತ್ತದೆ. ಅರ್ಧ ದಾರಿ 102 ಮೈಲಿಗೇ ಮುಗಿದು ನಕ್ಷೆಯಲ್ಲಿ ಅಗತ್ತಿ ಹತ್ತಿರ ಕಾಣುತ್ತಿದ್ದರೂ, 132 ಮೈಲಿಯವರೆಗೆ ಮಂಗಳೂರನ್ನೇ ಬೇಗ ತಲುಪುತ್ತೀರಿ.

ಅನಿಶ್ಚಿತತೆಗೆಂದು ಎಷ್ಟು ಸೇರಿಸಬೇಕು

ಪಯಣದ ಇಂಧನದ ಶೇಕಡಾ 5ನ್ನು ಅನಿರೀಕ್ಷಿತಕ್ಕೆಂದು ಸೇರಿಸುವುದು ಅಂತಾರಾಷ್ಟ್ರೀಯ ರೂಢಿ, ಮತ್ತು ಸಾಧನಗಳು ಅದನ್ನು ತಾವಾಗಿಯೇ ಸೇರಿಸುತ್ತವೆ. ಅದು ಗಾಳಿಯ ತಪ್ಪನ್ನು ತಾಳುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ ನೋಡಬೇಕು. ದೆಹಲಿಗೆ ಮರಳುವಾಗ ಎದುರುಗಾಳಿ ಮುನ್ಸೂಚನೆಗಿಂತ 20 ನಾಟ್ ಹೆಚ್ಚಾದರೆ 7 ನಿಮಿಷ, ಅಂದರೆ ಸುಮಾರು 275 ಕೆಜಿ ಹೆಚ್ಚು ಬೇಕು. ಶೇಕಡಾ 5 ಎಂದರೆ 233 ಕೆಜಿ ಮಾತ್ರ. ಹೋಗುವಾಗ ಹಿಂಗಾಳಿ 20 ನಾಟ್ ಕಡಿಮೆಯಾದರೆ ಹೆಚ್ಚು ಬೇಕಾಗುವುದು 120 ಕೆಜಿಯಷ್ಟು, ಶೇಕಡಾ 5 ಎಂದರೆ 157 ಕೆಜಿ ಆದ್ದರಿಂದ ಸಾಕಾಗುತ್ತದೆ. ಸೆಸ್ನಾದಲ್ಲಿ ಈ ಶೇಕಡಾವಾರು ಲೆಕ್ಕ ಹಾಸ್ಯಾಸ್ಪದವೇ ಸರಿ: ಗಾಳಿ 10 ನಾಟ್ ಹೆಚ್ಚಾದರೆ ಅಗತ್ತಿಗೆ ಹೋಗಲಷ್ಟೇ 3 ಗ್ಯಾಲನ್ ಹೆಚ್ಚು ಬೇಕು, ಶೇಕಡಾ 5 ಎಂದರೆ ಒಂದು ಗ್ಯಾಲನ್ ಚಿಲ್ಲರೆ. ಆದ್ದರಿಂದ ನಾನು ಶೇಕಡಾವಾರನ್ನಷ್ಟೇ ನೆಚ್ಚದೆ ಸಣ್ಣ ವಿಮಾನಕ್ಕೆ ಮುನ್ಸೂಚನೆಯ ಎದುರುಗಾಳಿಗೆ 10 ನಾಟ್, ಜೆಟ್‌ಗೆ 20 ನಾಟ್ ಸೇರಿಸಿ ಮತ್ತೊಮ್ಮೆ ಲೆಕ್ಕ ಮಾಡುತ್ತೇನೆ. ಶೇಕಡಾ 5 ಮತ್ತು ಈ ಹೊಸ ಲೆಕ್ಕ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ತುಂಬುತ್ತೇನೆ.

ಹಾಗೆಂದು ಟ್ಯಾಂಕ್ ತುಂಬಿ ತುಳುಕಿಸುವುದೂ ಜಾಣತನವಲ್ಲ. ಜೆಟ್ ವಿಮಾನದಲ್ಲಿ ಹೆಚ್ಚುವರಿ ಇಂಧನವನ್ನು ಹೊರುವುದಕ್ಕೇ ಅದರ ತೂಕದ ಶೇಕಡಾ 3ರಿಂದ 4ರಷ್ಟು ಪ್ರತಿ ಗಂಟೆ ಸುಟ್ಟುಹೋಗುತ್ತದೆ.

ಕಂಪ್ಯೂಟರಿಗೆ ಗಾಳಿಯನ್ನು ತಿಳಿಸುವುದು

ಎಷ್ಟೋ ಜನ ಇಂಧನವನ್ನು ಸರಿಯಾಗಿ ತುಂಬಿಯೂ ವಿಮಾನದ ಕಂಪ್ಯೂಟರಿಗೆ ಗಾಳಿಯನ್ನು ಕೊಡುವುದಿಲ್ಲ. ಆಗ ಅದು ಮುಂದಿನ ದಾರಿಯ ಗಾಳಿಯನ್ನು ಅರಿಯದೆ, ಗಮ್ಯದಲ್ಲಿ ಉಳಿಯುವ ಇಂಧನವನ್ನು ತಪ್ಪಾಗಿ ತೋರಿಸುತ್ತದೆ. ಎ320ರಲ್ಲಿ ಹಾರಾಟ ಯೋಜನೆಯ ಪುಟದಲ್ಲಿ ದಾರಿಯ ಯಾವುದೇ ಬಿಂದುವಿನ (ವೇಪಾಯಿಂಟ್) ಬಲಗಡೆಯ ಗುಂಡಿ ಒತ್ತಿ, ವರ್ಟಿಕಲ್ ರಿವಿಷನ್ ಪುಟದಿಂದ ಗಾಳಿಯ ಪುಟಕ್ಕೆ ಹೋಗಬಹುದು. ಬೋಯಿಂಗ್ 737ರಲ್ಲಿ ಲೆಗ್ಸ್ ಪುಟದಿಂದ ರೂಟ್ ಡೇಟಾ ಪುಟಕ್ಕೆ. ಸಿಮ್ಯುಲೇಟರ್‌ಗೆ ಬೇರೆಯಾಗಿ ಸೇರಿಸಿಕೊಳ್ಳುವ ಒಳ್ಳೆಯ ಆಡ್-ಆನ್ ವಿಮಾನಗಳಲ್ಲಿ ಯೋಜನೆಯ ಗಾಳಿಯನ್ನು ಒಂದೇ ಗುಂಡಿಯಿಂದ ತರಿಸಿಕೊಳ್ಳಬಹುದು. ಕೈಯಲ್ಲಿ ತುಂಬುವುದಾದರೆ ಪ್ರತಿ ಬಿಂದುವಿಗೂ ತುಂಬಬೇಕಾಗಿಲ್ಲ. ಗಾಳಿ ಗಮನಾರ್ಹವಾಗಿ ಬದಲಾಗುವ ಮೂರು ನಾಲ್ಕು ಬಿಂದುಗಳು ಸಾಕು.

ಮೇಲೆ ಹೋದ ಮೇಲೆ

ಎ320ರ ನ್ಯಾವಿಗೇಷನ್ ಪರದೆಯ ಎಡ ಮೇಲ್ತುದಿಯಲ್ಲಿ ಗ್ರೌಂಡ್ ಸ್ಪೀಡ್, ಟ್ರೂ ಏರ್‌ಸ್ಪೀಡ್, ಗಾಳಿ ಮೂರೂ ಒಟ್ಟಿಗೆ ಕಾಣುತ್ತವೆ. ಪ್ರತಿ ಬಿಂದುವನ್ನು ದಾಟುವಾಗ ಯೋಜನೆಯ ಹಾಳೆಯಲ್ಲಿ ಆ ಬಿಂದುವಿನ ಎದುರು ಇರುವ ಇಂಧನದೊಂದಿಗೆ ಟ್ಯಾಂಕಿನಲ್ಲಿರುವುದನ್ನು ಹೋಲಿಸಿ ಬರೆದುಕೊಳ್ಳಿ. ಒಂದು ಬಿಂದುವಿನಲ್ಲಿ 60 ಕೆಜಿ ಕೊರತೆ ಕಂಡರೆ ಗಾಬರಿಯಾಗಬೇಕಿಲ್ಲ. ಎರಡನೆಯದರಲ್ಲಿ 120, ಮೂರನೆಯದರಲ್ಲಿ 180 ಆದರೆ ಅದು ಗಾಳಿಯ ಗುರುತು, ದಾರಿ ಮುಗಿಯುವವರೆಗೆ ಅದೇ ದರದಲ್ಲಿ ಬೆಳೆಯುತ್ತದೆಂದು ಹಿಡಿದು ಗಮ್ಯದಲ್ಲಿ ಎಷ್ಟು ಉಳಿಯುವುದೆಂದು ಆಗಲೇ ನೋಡಬೇಕು. ಕೊರತೆ ಏರುವ ಹಂತದಲ್ಲೇ ಒಮ್ಮೆ ಬಂದು ನಿಂತಿದ್ದರೆ ಕಾರಣ ತೂಕದ್ದೋ ನೆಲದ ಮೇಲೆ ಕಾದದ್ದರದ್ದೋ ಆಗಿರುತ್ತದೆ.

ಸಮುದ್ರದ ಮೇಲಿನ ಸೆಸ್ನಾದಲ್ಲಿ ಪ್ರತಿ 20 ನಿಮಿಷಕ್ಕೊಮ್ಮೆ ಜಿಪಿಎಸ್ ತೋರಿಸುವ ಗ್ರೌಂಡ್ ಸ್ಪೀಡ್ ನೋಡಿ, 81ರ ಬದಲು 71 ಕಂಡರೆ ಹಿಂತಿರುಗುವ ಬಿಂದುವನ್ನು ಹೊಸದಾಗಿ ಲೆಕ್ಕ ಹಾಕಿ ಹಾಳೆಯಲ್ಲಿ 196 ಹೊಡೆದು 184 ಎಂದು ಬರೆಯಬೇಕು. ಕಿಟಕಿಯ ಹೊರಗೆ ನೀರಲ್ಲದೆ ಬೇರೇನೂ ಕಾಣದ ಹೊತ್ತಿನಲ್ಲಿ ಈ ಲೆಕ್ಕವನ್ನು ಹುಡುಕಿಕೊಂಡು ಕೂರುವುದಕ್ಕಿಂತ, 35, 45 ಮತ್ತು 55 ನಾಟ್‌ನ ಗಾಳಿಗೆ ಬೇರೆ ಬೇರೆ ಉತ್ತರಗಳನ್ನು ಮಂಗಳೂರಿನಲ್ಲಿ ಎಂಜಿನ್ ಚಾಲೂ ಮಾಡುವ ಮೊದಲೇ ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ಪದ್ಧತಿ.